ಬರ್ಲಿನಿನ ಬಸ್ ಸ್ಟ್ಯಾಂಡ್ ಲಾಡ್ಜು

ಹೋಟೆಲ್ ರೂಮಿನ ಫೋಟೋ ತೆಗೆಯುವ ಮನುಷ್ಯ ಎಲ್ಲಿ ನಿಂತಿರುತ್ತಾನೆ ಎಂಬುದು ನನಗೆ ಇವತ್ತಿಗೂ ಬಗೆಹರಿಯದ ಪ್ರಶ್ನೆ. ಫೋಟೋದಲ್ಲಿ ಮಂಚ ಇರುತ್ತದೆ, ಮಂಚದ ಸುತ್ತ ಕಬಡ್ಡಿ ಆಡುವಷ್ಟು ಜಾಗ ಇರುತ್ತದೆ, ಕಿಟಕಿಯ ಬಳಿ ಒಂದು ಕುರ್ಚಿ, ಕುರ್ಚಿಯ ಮೇಲೆ ಬಿಸಿಲು. ಹೋಗಿ ನೋಡಿದರೆ ಮಂಚಕ್ಕೂ ಗೋಡೆಗೂ ನಡುವೆ ಒಂದು ಕಾಲು ಇಡಬಹುದು. ಇನ್ನೊಂದು ಕಾಲನ್ನು ಏನು ಮಾಡಬೇಕೆಂದು ಯೋಚಿಸುತ್ತಾ ನಿಲ್ಲಬೇಕು. ಕುರ್ಚಿ ಇರುವುದಿಲ್ಲ. ಅದು ಫೋಟೋಗ್ರಾಫರನದ್ದೇ ಇರಬೇಕು, ಬರುವಾಗ ತಂದು ಹೋಗುವಾಗ ಕೊಂಡುಹೋಗಿರುತ್ತಾನೆ.

ಫೋಟೋಗಳ ಕೆಳಗೆ ಬರೆಯುವ ವರ್ಣನೆಯದ್ದು ಬೇರೆಯೇ ನಿಘಂಟು. ರೂಮು ಆಪ್ತವಾಗಿದೆ ಎಂದರೆ ಇಕ್ಕಟ್ಟು. ಪರಿಸರ ಜೀವಂತವಾಗಿದೆ ಎಂದರೆ ನಿದ್ದೆ ಬರುವುದಿಲ್ಲ. ಕಟ್ಟಡಕ್ಕೆ ಇತಿಹಾಸವಿದೆ ಎಂದರೆ ಲಿಫ್ಟ್ ಇಲ್ಲ. ಇನ್ನು ಅಭಿಪ್ರಾಯ ಬರೆಯುವ ಪುಣ್ಯಾತ್ಮರು. ಒಬ್ಬಾಕೆ ಮಳೆ ಬಂತೆಂದು ಹೋಟೆಲಿಗೆ ಒಂದೇ ನಕ್ಷತ್ರ ಕೊಟ್ಟಿದ್ದಳು. ಇನ್ನೊಬ್ಬ ಐದು ನಕ್ಷತ್ರ ಕೊಟ್ಟು, ‘ನಾವು ಕೊನೆಗೆ ಹೋಗಲಿಲ್ಲ’ ಎಂದು ಬರೆದಿದ್ದ. ಮೂಡಬಿದ್ರೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ವಿಶ್ವವಿದ್ಯಾಲಯ ನನಗೆ ಸರಿಯಾಗಿ ಕಲಿಸಿದ್ದು ಒಂದೇ ವಿದ್ಯೆ, ಅನುಮಾನ. ಇಂಥ ಸಾಕ್ಷಿಗಳನ್ನು ನಂಬಿ ನಾನು ರೂಮು ಹಿಡಿಯುವುದುಂಟೆ?

ಹೀಗೆಲ್ಲ ಹಲ್ಲು ಕಡಿಯಲು ಕಾರಣ ನನ್ನ ಸೊಸೆ ಸುಪ್ರೀತಾ, ಅಂದರೆ ಅಕ್ಕನ ಮಗಳು. ಹಲ್ಲಿನ ಡಾಕ್ಟರು. ಹೋದ ವಾರ ಫೋನು ಮಾಡಿದಳು. ನಮ್ಮ ಮನೆಮಾತು ತುಳು. ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದುಹೋಗುತ್ತದೆ, ಉಳಿದರ್ಧ ಕೊಡುತ್ತೇನೆ.

"ಮಾವ, ನಂಗೆ ಬರ್ಲಿನಿಗೆ ಹೋಗ್ಲಿಕ್ಕುಂಟು. ಹಲ್ಲಿನವರ ಸಮ್ಮೇಳನ, ನಾಲ್ಕು ದಿನ. ಕಡಿಮೆಯಲ್ಲಿ ಒಂದು ಹೋಟೆಲು ಹೇಳಿ."

"ಮನೆಯಲ್ಲಿಯೇ ಲಾಡ್ಜಿನ ಯಜಮಾನರು ಇದ್ದಾರಲ್ಲ. ಅಪ್ಪನನ್ನು ಕೇಳಿದಿಯಾ?"

ಆಕೆ ನಕ್ಕಳು. "ಅಪ್ಪನನ್ನಾ? ಎಂತ ಮಾವ ನೀವು! ಅವರು ಪುನಃ ಬಸ್ ಸ್ಟ್ಯಾಂಡಿನ ಎದುರು ಮಾಡಿ ಕೊಡ್ತಾರೆ."

ನಾನೂ ನಕ್ಕೆ. ನಗಬೇಕಾದದ್ದೇ. ಆ ಜೋಕಿನ ಕರ್ತೃ ನಾನೇ.

ಕತೆ ಇಷ್ಟು. ಮೂರು ವರ್ಷದ ಹಿಂದೆ ಜರ್ಮನಿಯ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದವರು ನನ್ನನ್ನು ಒಂದು ಪ್ರಬಂಧ ಓದಲು ಕರೆದಿದ್ದರು. ಅಲ್ಲಿಗೆ ಹೋಗುವ ಮೊದಲು ಎರಡು ದಿನ ಬರ್ಲಿನ್ ನೋಡುವ ಆಸೆ. ಜೊತೆಗೆ ಬಂದವರು ಅಕ್ಕನ ಗಂಡ, ಜಗನ್ನಾಥ ಭಾವ. ಆಗಷ್ಟೇ ಅವರು ಬಂಟ್ವಾಳದ ಲಾಡ್ಜು ಮುಚ್ಚಿ ಬೆಳ್ತಂಗಡಿಯಲ್ಲಿ ಮನೆ ಮಾಡಿದ್ದರು. "ಇವರು ದಿನಕ್ಕೆ ಹತ್ತು ಸಲ ಮನೆಯ ಬಾಗಿಲಿನ ಚಿಲಕ ಪರೀಕ್ಷೆ ಮಾಡ್ತಾ ಇದ್ದಾರೆ. ನೀನೊಮ್ಮೆ ಕರ್ಕೊಂಡು ಹೋಗು ಮಾರಾಯ, ನನ್ನ ತಲೆ ತಣ್ಣಗಾಗ್ಲಿ" ಎಂದು ಅಕ್ಕನೇ ಕಳಿಸಿದ್ದಳು.

ಮುಂದಿನದ್ದನ್ನು ಮದುವೆ ಹಾಲುಗಳಲ್ಲಿ, ಗೃಹಪ್ರವೇಶಗಳಲ್ಲಿ, ಬೆಳುವಾಯಿಯ ಒಂದು ತೊಟ್ಟಿಲು ಶಾಸ್ತ್ರದಲ್ಲಿ ಕೂಡ ನಾನು ಹೇಳಿದ್ದೇನೆ. ಭಾವನಿಗೆ ರೂಮು ಎಂದರೆ ಬಸ್ ಸ್ಟ್ಯಾಂಡಿನ ಹತ್ತಿರವೇ ಆಗಬೇಕು. ಬರ್ಲಿನಿನಲ್ಲಿಯೂ ಬಸ್ ಸ್ಟ್ಯಾಂಡ್ ಹುಡುಕಿಸಿ ಅದರ ಎದುರಿನ ಹೋಟೆಲನ್ನೇ ಹಿಡಿಸಿದರು. ಬರ್ಲಿನಿನ ಬಸ್ ಸ್ಟ್ಯಾಂಡ್ ಎಲ್ಲಿದೆ ಗೊತ್ತೆ? ಊರಿನ ಪಶ್ಚಿಮದ ಅಂಚಿನಲ್ಲಿ, ಹೆದ್ದಾರಿಯ ಬಗಲಿಗೆ. ಅಲ್ಲಿಂದ ವಾರ್ಸಾಕ್ಕೆ ಬಸ್ಸುಂಟು, ಪ್ರಾಗಿಗೆ ಬಸ್ಸುಂಟು, ಬರ್ಲಿನಿಗೆ ಮಾತ್ರ ಇಲ್ಲ. ಎದುರಿಗೆ ಒಂದು ರೇಡಿಯೋ ಗೋಪುರ, ಮುಚ್ಚಿದ ಒಂದು ದೈತ್ಯ ಕಟ್ಟಡ. ಕಣ್ಣಿಗೆ ಬೀಳುವವರೆಲ್ಲ ಆ ಊರು ಬಿಟ್ಟು ಹೋಗುತ್ತಿರುವವರು. ನೋಡಲು ಬಂದವರು ನಾವಿಬ್ಬರೇ.

ಅಲ್ಲಿಗೆ ತಲಪಿದ ಕತೆಯೂ ಇದೆ. ಆ ಊರಿನ ಸುತ್ತ ಒಂದು ರೈಲು ಉಂಗುರದ ಹಾಗೆ ತಿರುಗುತ್ತದೆ. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ವಿಮಾನ ನಿಲ್ದಾಣದ ಕಡೆಯಿಂದ ಬಂದವರು ಬಲಕ್ಕೆ ಸುತ್ತುವ ರೈಲು ಹತ್ತಿದರೆ ಇಪ್ಪತ್ತು ನಿಮಿಷ. ಭಾವ ಎಡಕ್ಕೆ ಸುತ್ತುವುದಕ್ಕೆ ಹತ್ತಿಸಿದರು. ಇಡೀ ಬರ್ಲಿನಿಗೆ ಅಪ್ರದಕ್ಷಿಣೆ ಬಂದೆವು. ಕೊನೆಗೆ ನಮ್ಮ ಸ್ಟೇಷನ್ ಬಂದಾಗ ಭಾವ ನಮ್ಮ ಸರ್ವಿಸ್ ಬಸ್ಸನ್ನು ಕಂಡಕ್ಟರ್ ನಿಲ್ಲಿಸುವ ಹಾಗೆ ರೈಲಿನ ತಗಡಿಗೆ ಅಂಗೈಯಲ್ಲಿ ಎರಡು ಸಲ ಬಡಿದು, "ಹೋಲ್ಡಾನ್!" ಎಂದು ಕೂಗಿದರು. ಕತೆ ಇಲ್ಲಿಗೆ ಬರುವಾಗ ಊಟಕ್ಕೆ ಕೂತವರ ಬಾಯಿಯ ಅನ್ನ ಹೊರಗೆ ಬರುತ್ತಿತ್ತು.

ಭಾವ ಕೂಡ ಅಲ್ಲಿಯೇ ಕೂತಿರುತ್ತಿದ್ದರು, ಎಲೆಯ ಮೇಲಿನ ಉಪ್ಪಿನಕಾಯಿಯನ್ನು ನೋಡುತ್ತಾ. ಸಣ್ಣಗೆ ನಗುತ್ತಿದ್ದರು. ಮೊದಮೊದಲು "ಅದು ಹಾಗಲ್ಲ ಮಾರಾಯ" ಎಂದು ಶುರುಮಾಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು.

ಲಾಡ್ಜಿನ ವಿಷಯ ಹೇಳದಿದ್ದರೆ ಭಾವ ಯಾರೆಂದು ನಿಮಗೆ ತಿಳಿಯುವುದಿಲ್ಲ. ಬಂಟ್ವಾಳದ ಹಳೆ ಪೇಟೆಯಲ್ಲಿ ಬಸ್ಸು ನಿಲ್ಲುವಲ್ಲಿ ಎಂಟು ರೂಮುಗಳ ಮಾಳಿಗೆ. ಪಿಯುಸಿ ಓದುವಾಗ ಎರಡು ವರ್ಷ ನಾನು ಅದರ ನಾಲ್ಕನೇ ನಂಬರಿನಲ್ಲಿದ್ದೆ. ನುಸಿಗುಳಿಗೆ, ಸುಣ್ಣ, ಒದ್ದೆ ತೆಂಗಿನ ಹಗ್ಗ, ಈ ಮೂರರ ವಾಸನೆ ಒಟ್ಟಿಗೆ ಬಂದರೆ ನನಗೆ ಈಗಲೂ ಲಾಗರಿದಮ್ ನೆನಪಾಗುತ್ತದೆ. ಗಿರಾಕಿಗೆ ಕೀ ಕೊಡುವ ಮೊದಲು ಭಾವ ತಾವೇ ರೂಮಿಗೆ ಹೋಗುತ್ತಿದ್ದರು. ಮೊದಲು ಬಾಗಿಲು ಹಾಕಿ ಒಳಗಿನ ಚಿಲಕ. ಎರಡನೆಯದು ನಳ್ಳಿ, ತಿರುಗಿಸಿ, ಕೈಯೊಡ್ಡಿ, ನೀರಿನ ಬಣ್ಣ ನೋಡಿ. ಮೂರನೆಯದು ತಲೆದಿಂಬು, ಎರಡು ಕೈಯಲ್ಲಿ ಎತ್ತಿ ಮೂಸುವುದು. "ಹಾಸಿಗೆಗೆ ಬಟ್ಟೆ ಬದಲಾಯಿಸಿ ಮೋಸ ಮಾಡ್ಬಹುದು. ತಲೆದಿಂಬಿಗೆ ಆಗುವುದಿಲ್ಲ" ಎನ್ನುತ್ತಿದ್ದರು. ಹದಿನಾರು ವರ್ಷದ ನನಗೆ ಅದು ಮಹಾ ಹಾಸ್ಯಾಸ್ಪದವಾಗಿ ಕಾಣುತ್ತಿತ್ತು. ಗೆಳೆಯರೆದುರು ಅವರು ಮೂಸುವುದನ್ನು ನಟಿಸಿ ತೋರಿಸುತ್ತಿದ್ದೆ. ನಗಿಸುವ ಚಟ ಆಗಿನದ್ದೇ ಎಂದು ಈಗ ಹೊಳೆಯುತ್ತಿದೆ.

ಆದರೆ ನಮ್ಮ ಕುಟುಂಬದಲ್ಲಿ ಯಾರು ಎಲ್ಲಿಗೆ ಹೊರಟರೂ, ಕಾಶಿಗಿರಲಿ ಮುಂಬಯಿಗಿರಲಿ, "ಜಗ್ಗಣ್ಣನನ್ನು ಕೇಳಿದಿರಾ?" ಎಂಬುದೇ ಮೊದಲ ಮಾತು. ಭಾವ ಎರಡು ಫೋನು ಮಾಡಿ ಒಂದು ಹೆಸರು ಹೇಳುತ್ತಿದ್ದರು. ಅಲ್ಲಿ ಹೋಗಿ ಮಲಗಿದವರು ಯಾರೂ ಬೈದದ್ದಿಲ್ಲ. ಅಷ್ಟು ಓದಿಲ್ಲದ, ಅಷ್ಟು ಮಾತಿಲ್ಲದ ಮನುಷ್ಯನಿಗೆ ಕುಟುಂಬದಲ್ಲಿ ಇದ್ದ ಗೌರವದ ಕುರ್ಚಿ ಅದೊಂದೇ. ಈ ಮೂರು ವರ್ಷದಲ್ಲಿ ಅವರನ್ನು ಯಾರೂ ಕೇಳಿಲ್ಲ. ಈಗ ಮಗಳೂ ಕೇಳುತ್ತಿಲ್ಲ.

ಇದು ಆಗ ನನಗೆ ಹೊಳೆದದ್ದೆಂದು ತಿಳಿಯಬೇಡಿ. ಆಗ ನಾನು ಸೊಸೆಗೆ ಜ್ಞಾನದಾನ ಮಾಡುವ ಉತ್ಸಾಹದಲ್ಲಿದ್ದೆ. ಫೋನನ್ನು ನಂಬದ ನಾನು ಎಲ್ಲವನ್ನೂ ಪ್ರಿಂಟು ತೆಗೆದು ಫೈಲು ಮಾಡುವವನು. ಕಪಾಟಿನ ಮೇಲಿಂದ ಜರ್ಮನಿಯ ಫೈಲು ಇಳಿಸಿದೆ. ಅದರಲ್ಲಿ ಮೂರು ಹೋಟೆಲುಗಳ ಮೂರು ಪ್ರಿಂಟುಗಳು. ನಾಲ್ಕಾಗಿ ಮಡಚಿದ್ದವು.

ಮೊದಲನೆಯದು ಊರ ನಡುವಿನ ಒಂದು ಸಣ್ಣ ಹೋಟೆಲು. ಅದರ ಬದಿಯಲ್ಲಿ ಪೆನ್ಸಿಲಿನಲ್ಲಿ, ಲಾಡ್ಜಿನ ರಿಜಿಸ್ಟರಿನಲ್ಲಿ ನಾನು ಎರಡು ವರ್ಷ ನೋಡಿದ ಭಾವನ ದುಂಡು ಅಕ್ಷರದಲ್ಲಿ, ಹೀಗೆ ಬರೆದಿತ್ತು: ‘ಇದು ಆಗಬಹುದು. ರೈಲು ಹತ್ತಿರ. ಬಸ್ ಸ್ಟ್ಯಾಂಡಿನ ಎದುರಿನದ್ದು ಬೇಡ. ಆ ಊರಿನಲ್ಲಿ ಬಸ್ ಸ್ಟ್ಯಾಂಡ್ ಊರ ಹೊರಗೆ ಇರಲಿಕ್ಕೂ ಸಾಕು. ಮ್ಯಾಪ್ ನೋಡು.’

ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈಯ ಕೋಲು ಅಕ್ಷರದಲ್ಲಿ: ‘ತಪ್ಪು. ಬಸ್ ಸ್ಟ್ಯಾಂಡ್ = ಊರಿನ ಮಧ್ಯ.’ ಎರಡು ಗೆರೆ ಎಳೆದಿತ್ತು. ಬದಿಯಲ್ಲಿ ಹತ್ತಕ್ಕೆ ಎರಡು ಅಂಕ ಕೂಡ ಕೊಟ್ಟಿದ್ದೆ. ತಮಾಷೆಗೆ ಇರಬೇಕು.

ನಾನು ಕಪಾಟಿನ ಬುಡದಲ್ಲಿಯೇ ಕೂತೆ. ಸಮೀಕರಣದ ಮೂಲ ನನಗೆ ತಕ್ಷಣ ಗೊತ್ತಾಯಿತು. ಮೂಡಬಿದ್ರೆಯಲ್ಲಿ ಹುಟ್ಟಿ ಬೆಳೆದವನಿಗೆ ಬಸ್ ಸ್ಟ್ಯಾಂಡೇ ಊರಿನ ಹೊಕ್ಕುಳು. ಅಲ್ಲಿಂದ ಬಸದಿಗೆ ನಡೆಯಬಹುದು, ಮಾರ್ಕೆಟಿಗೆ ನಡೆಯಬಹುದು, ಬೇಡದ ನೆಂಟರಿಂದ ತಪ್ಪಿಸಿಕೊಂಡು ಬಸ್ಸು ಹತ್ತಲೂ ಬಹುದು. ಸಂಶಯವನ್ನೇ ಉಸಿರಾಡುವ ವಿದ್ವಾಂಸ ಜಗತ್ತಿನ ಎಲ್ಲ ಊರೂ ಮೂಡಬಿದ್ರೆಯ ಹಾಗೆಯೇ ಎಂಬುದನ್ನು ಮಾತ್ರ ಸಂಶಯಿಸಿರಲಿಲ್ಲ.

ಆದರೆ ಭಾವನಿಗೆ ಹೇಗೆ ಗೊತ್ತಿತ್ತು? ಅದೂ ನೆನಪಾಯಿತು, ನೆನಪು ಎಂದು ಕರೆಯಬಹುದಾದರೆ. ಹೊರಡುವ ಮೊದಲು ನೋಡಲು ಕೊಟ್ಟಿದ್ದ ಆ ಪ್ರಿಂಟುಗಳನ್ನು ಹಿಂದೆ ಕೊಡುವಾಗ ಬೆಳ್ತಂಗಡಿಯ ಮನೆಯ ಜಗಲಿಯಲ್ಲಿ ಅವರು ಹೇಳಿದ್ದರು: "ಬಸ್ಸು ನಿಲ್ಲುವ ಜಾಗವೇ ಊರು ಅಂತ ನಂಬಿ ಲಾಡ್ಜು ಕಟ್ಟಿಸಿ ಕೂತವ ನಾನು ಮಾರಾಯ. ಬಸ್ಸು ಬಿ.ಸಿ. ರೋಡಿಗೆ ಹೋಯ್ತು, ಪೇಟೆಯೂ ಅದರ ಹಿಂದೆ ಹೋಯ್ತು. ನಾನು ಕೀ ಗೊಂಚಲು ಹಿಡ್ಕೊಂಡು ಅಲ್ಲಿಯೇ." ಬಂಟ್ವಾಳದ ಹೆಸರಿನ ರೈಲು ಸ್ಟೇಷನ್ ಕೂಡ ಇರುವುದು ಹಳೆ ಪೇಟೆಯಿಂದ ದೂರ, ಹೆದ್ದಾರಿಯ ಬಿ.ಸಿ. ರೋಡಿನಲ್ಲಿ. ಹೆಸರು ಒಂದು ಕಡೆ, ಊರು ಒಂದು ಕಡೆ, ಬಸ್ಸು ಇನ್ನೊಂದು ಕಡೆ ಇರಬಹುದು ಎಂಬುದನ್ನು ಜೀವನವನ್ನೇ ಕೊಟ್ಟು ಕಲಿತ ಮನುಷ್ಯನಿಗೆ ನಾನು ಹತ್ತಕ್ಕೆ ಎರಡು ಕೊಟ್ಟಿದ್ದೆ.

ಇನ್ನೂ ಒಂದು ತಮಾಷೆ ಕೇಳಿ. ನಾನು ಜರ್ಮನಿಯಲ್ಲಿ ಓದಿದ ಪ್ರಬಂಧದ ವಿಷಯ ಜನರ ನೆನಪನ್ನು ಇತಿಹಾಸಕಾರ ಎಷ್ಟು ನಂಬಬಹುದು ಎಂಬುದು. ನೇತ್ರಾವತಿಯ ದೊಡ್ಡ ನೆರೆಯ ಬಗ್ಗೆ ಬಂಟ್ವಾಳದ ಮುದುಕರನ್ನು ಮಾತಾಡಿಸಿ ಬರೆದದ್ದು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ ಒಬ್ಬ ಮೂರನೇ ಮೆಟ್ಟಿಲು ತೋರಿಸುತ್ತಿದ್ದ, ಪಕ್ಕದ ಮನೆಯವ ಅಟ್ಟ ತೋರಿಸುತ್ತಿದ್ದ. ‘ಹೇಳಿದಷ್ಟು ಸಲವೂ ನೀರು ಒಂದೊಂದು ಮೆಟ್ಟಿಲು ಏರುತ್ತದೆ’ ಎಂದು ನಾನು ಬರೆದ ವಾಕ್ಯಕ್ಕೆ ಅಲ್ಲಿನ ಪ್ರೊಫೆಸರುಗಳು ಮೇಜು ಕುಟ್ಟಿದ್ದರು, ಅಲ್ಲಿ ಚಪ್ಪಾಳೆ ಎಂದರೆ ಅದೇ. ಕುಟ್ಟಿಸಿಕೊಂಡು ಊರಿಗೆ ಬಂದವನು ಬರ್ಲಿನ್ ಕತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋದೆ.

‘ಹೋಲ್ಡಾನ್’ ನಾನು ಸೇರಿಸಿದ್ದು. ಇದರಲ್ಲಿ ಅನುಮಾನವಿಲ್ಲ. ಮೂರನೆಯ ಸಲ ಹೇಳುವಾಗ, ಮೂಡಬಿದ್ರೆಯ ಒಂದು ಮದುವೆ ಹಾಲಿನಲ್ಲಿ, ನಗು ಸ್ವಲ್ಪ ಕಡಿಮೆ ಬಿದ್ದಂತೆ ಕಂಡಿತು. ಅದೇ ದಿನ ಬೆಳಿಗ್ಗೆ ಬೆಳುವಾಯಿಯಲ್ಲಿ ಯಾರೋ ಬಸ್ಸಿನ ತಗಡಿಗೆ ಬಡಿದು ಹಾಗೆ ಕೂಗಿದ್ದರು. ತೆಗೆದು ಭಾವನ ಕೈಗೆ ಹಾಕಿದೆ. ಹಾಗಾದರೆ ಎಡಕ್ಕೆ ತಿರುಗುವ ರೈಲಿಗೆ ಹತ್ತಿಸಿದ್ದು ಯಾರು? ಪ್ಲಾಟ್‌ಫಾರ್ಮಿನಲ್ಲಿ ಯಾರೋ "ಪ್ರದಕ್ಷಿಣೆ ಬರುವುದಕ್ಕೆ ಹತ್ತುವ" ಎಂದದ್ದು, ಇನ್ನೊಬ್ಬರು "ಇದು ದೇವಸ್ಥಾನ ಅಲ್ಲ" ಎಂದದ್ದು ಕಿವಿಯಲ್ಲಿದೆ. ಆ ಎರಡನೇ ಮಾತಿನ ಧಾಟಿ ಕೇಳಿದರೆ ಮಾತಾಡಿದವರು ಯಾರೆಂದು ನೀವೇ ಹೇಳಬಹುದು. ನಾನು ಹೇಳುವುದಿಲ್ಲ, ಲಿಖಿತ ಆಧಾರವಿಲ್ಲ.

ನಾನು ಎಂದೂ ಹೇಳದ ಒಂದು ಭಾಗವೂ ಇದೆ. ಅದರಲ್ಲಿ ನಗುವುದಕ್ಕೆ ಏನೂ ಇಲ್ಲವಾದ್ದರಿಂದ ಬಿಟ್ಟಿದ್ದೆ. ಆ ಹೋಟೆಲಿನಲ್ಲಿ ಮನುಷ್ಯರೇ ಇರಲಿಲ್ಲ. ಬಾಗಿಲಿನ ಪಕ್ಕ ಕೀ ಇಟ್ಟ ಒಂದು ಪೆಟ್ಟಿಗೆ, ಅದಕ್ಕೆ ಅಂಕಿಗಳ ಗುಟ್ಟು, ಆ ಗುಟ್ಟು ಬರುವುದು ಇಮೇಲಿಗೆ, ನನ್ನ ಫೋನಿಗೆ ಆ ದೇಶದಲ್ಲಿ ಜೀವವಿಲ್ಲ. ನಾನು ಗೋಡೆಯ ಸ್ಪೀಕರಿಗೆ ಬಾಯಿಟ್ಟು, ಪ್ರೌಢ ಇಂಗ್ಲಿಷಿನಲ್ಲಿ ಗ್ರಾಹಕರ ಹಕ್ಕುಗಳ ಬಗ್ಗೆ ಭಾಷಣ ಮಾಡುತ್ತಿದ್ದೆ. ಭಾವ ಬ್ಯಾಗಿನ ಮೇಲೆ ಕೂತಿದ್ದರು. "ಗುಡಿಸುವವರು ಬಂದೇ ಬರ್ತಾರೆ. ಹನ್ನೊಂದು ಗಂಟೆ ಆಗ್ಲಿ" ಎಂದರು. ಹನ್ನೊಂದಕ್ಕೆ ಸರಿಯಾಗಿ ಬಕೆಟ್ ಹಿಡಿದ ಒಬ್ಬ ದಪ್ಪ ಹೆಂಗಸು ಹೊರಗೆ ಬಂದಳು. ಭಾವ ಎದ್ದು ಕೈಮುಗಿದು, ಗಾಳಿಯಲ್ಲಿ ಒಂದು ಕೀ ತಿರುಗಿಸಿ ತೋರಿಸಿದರು. ಆಕೆ ನಗಾಡಿ, ಯಾರಿಗೋ ಫೋನು ಮಾಡಿ, ನಮ್ಮನ್ನು ಒಳಗೆ ಕರೆದಳು.

ರೂಮಿನಲ್ಲಿ ಭಾವ ಚಿಲಕ ಹಾಕಿ ತೆಗೆದರು. ನಳ್ಳಿ ತಿರುಗಿಸಿದರು. ತಲೆದಿಂಬು ಎತ್ತಿ ಮೂಸಿದರು. ಆ ಹೆಂಗಸು ಬಕೆಟ್ ಕೆಳಗಿಟ್ಟು, ವೈವಾ ಪರೀಕ್ಷೆಗೆ ನಿಂತ ವಿದ್ಯಾರ್ಥಿನಿಯ ಹಾಗೆ ಬಾಗಿಲಲ್ಲಿ ಕಾಯುತ್ತಿದ್ದಳು. ಭಾವ ತಿರುಗಿ ತಲೆಯಾಡಿಸಿದರು. ಆಕೆ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. "ಒಳ್ಳೆಯ ರೂಮು. ಕೆಲಸದವರು ಒಳ್ಳೆಯವರು" ಎಂದಷ್ಟೇ ಭಾವ ಹೇಳಿದ್ದು. ಹೋಟೆಲು ಇರುವ ಜಾಗದ ಬಗ್ಗೆ, ಪೆನ್ಸಿಲಿನಲ್ಲಿ ಬರೆದ ಆ ಮಾತಿನ ಬಗ್ಗೆ, ಎರಡು ದಿನದಲ್ಲಿ ಒಂದಕ್ಷರ ಎತ್ತಲಿಲ್ಲ.

ಮೊನ್ನೆ ಭಾನುವಾರ ಅಕ್ಕನ ಮನೆಯಲ್ಲಿ ಹೊಸಕ್ಕಿ ಊಟ. ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ವೇಣೂರಿನ ಮೇಲಿಂದ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನೊಳಗೆ ಒಬ್ಬ ವಕೀಲ ವಾದ ಮಾಡುತ್ತಿದ್ದ. ಹಳೆಯ ಮಾತು ಈಗ ಯಾಕೆ, ಭಾವ ಮರೆತಿರಬಹುದು, ಜೋಕು ಜೋಕಾಗಿರಲಿ. ಗುರುವಾಯನಕೆರೆ ಬರುವಷ್ಟರಲ್ಲಿ ಅವನು ಹೆಚ್ಚುಕಡಿಮೆ ಗೆದ್ದಿದ್ದ.

ಊಟಕ್ಕೆ ಹದಿನೈದು ಜನ. ಎರಡನೇ ಸಲ ಅನ್ನ ಬರುವಾಗ ಉಜಿರೆಯಿಂದ ಬಂದ ಭಾವನ ತಮ್ಮ, ಬಾಯಿಯಲ್ಲಿ ಮೂರು ಜನರಷ್ಟು ಸದ್ದಿರುವ ಮನುಷ್ಯ, ಕೂಗಿದ. "ಪ್ರೊಫೆಸರೇ, ಹುಡುಗಿ ಬರ್ಲಿನಿಗೆ ಹೋಗ್ತಾಳಂತೆ! ಆ ಹೋಲ್ಡಾನ್ ಕತೆ ಒಂದು ಆಗ್ಲಿ. ಅವಳಿಗೆ ದಾರಿ ಗೊತ್ತಾಗ್ಲಿ!"

ಆಗಲೇ ನಾಲ್ಕು ಜನ ನಗಲು ಶುರುಮಾಡಿದ್ದರು. ಭಾವ ಉಪ್ಪಿನಕಾಯಿ ನೋಡುತ್ತಿದ್ದರು.

ಎಡಗೈಯಲ್ಲಿ ಕಾಗದ ತೆಗೆದು ಬಿಡಿಸಿದೆ. ಪೆನ್ಸಿಲಿನದ್ದನ್ನು ಓದಿದೆ. ಕೆಂಪು ಶಾಯಿಯದ್ದನ್ನು ಓದಿದೆ. ಹತ್ತಕ್ಕೆ ಎರಡನ್ನೂ ಓದಿದೆ. "ಬಸ್ ಸ್ಟ್ಯಾಂಡ್ ಹಿಡಿದದ್ದು ನಾನು. ಭಾವ ಬೇಡ ಎಂದಿದ್ದರು. ಹೋಲ್ಡಾನ್ ನಾನು ಕಟ್ಟಿದ್ದು" ಎಂದೆ.

ನಗು ಬರಲಿಲ್ಲ. ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದು ಹಾಗೆಯೇ ನಿಂತಳು. ಉಜಿರೆಯವನು ಮಾತ್ರ, "ಛೆ, ಇದು ಸಪ್ಪೆಯಾಯ್ತು" ಎಂದ.

ಭಾವ ಎಂಜಲು ಕೈಯನ್ನು ಆಚೆ ಹಿಡಿದು, ಎಡಗೈಯಲ್ಲಿ ಕಾಗದ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿ ಬಹಳ ಪ್ರೀತಿಯಿಂದ ನಕ್ಕರು.

"ಇದು ನೀನೇ ಬರೆದದ್ದು ಮಾರಾಯ. ನನಗೆ ಬೇಜಾರಾಗ್ತದೆ ಅಂತ."

"ಭಾವ, ಅದು ನಿಮ್ಮ ಅಕ್ಷರ!"

"ನನ್ನ ಅಕ್ಷರದ ಹಾಗೆ ಉಂಟು, ಹೌದು. ಆದ್ರೆ ಬಸ್ ಸ್ಟ್ಯಾಂಡ್ ಹೇಳಿದ್ದು ನಾನೇ. ನಂಗೆ ಸರಿಯಾಗಿ ನೆನಪುಂಟು. ರೈಲಿಗೆ ಬಡಿದದ್ದು ಕೂಡ." ಅವರು ಎಡಗೈಯ ಅಂಗೈಯನ್ನು ಬಿಡಿಸಿ ನೋಡಿಕೊಂಡರು. "ತಗಡು ಎಷ್ಟು ತಣ್ಣಗಿತ್ತು ಗೊತ್ತುಂಟಾ? ಎರಡನೇ ಸಲ ಬಡಿಯುವಾಗ ಚುರ್ ಅಂತು."

ನಾನು ಜೀವಮಾನದಲ್ಲಿ ಎಷ್ಟೋ ಸಾಕ್ಷಿಗಳನ್ನು ಮಾತಾಡಿಸಿದ್ದೇನೆ. ಆಗದ ಘಟನೆಯ ಚಳಿಯನ್ನು ಅಂಗೈಯಲ್ಲಿ ಇಟ್ಟುಕೊಂಡ ಸಾಕ್ಷಿಯನ್ನು ನೋಡಿದ್ದು ಅದೇ ಮೊದಲು. ಅದನ್ನು ಅಲ್ಲಿಟ್ಟವನು ಎದುರಿಗೆ ಅನ್ನ ಕಲಸುತ್ತಾ ಕೂತಿದ್ದ.

ಸುಪ್ರೀತಾ ಕಾಗದವನ್ನು ಅಪ್ಪನ ಕೈಯಿಂದ ತೆಗೆದುಕೊಂಡಳು. ಎರಡು ಸಲ ಓದಿದಳು. ಊಟ ಮುಗಿದ ಮೇಲೆ ಜಗಲಿಯಲ್ಲಿ ಭಾವನ ಪಕ್ಕ ಬಂದು ಕೂತು ಫೋನು ತೆರೆದಳು.

"ಅಪ್ಪ, ಎರಡು ಹೋಟೆಲು ಉಂಟು. ಯಾವುದು ಆಗಬಹುದು ನೋಡಿ."

"ಮಾವನನ್ನು ಕೇಳು. ಓದಿದವರು."

"ಮಾವನನ್ನು ಕೇಳಿ ಆಯ್ತು. ಈಗ ನಿಮ್ಮನ್ನು ಕೇಳ್ತಾ ಇದ್ದೇನೆ."

ಭಾವನ ಕುತ್ತಿಗೆ ತಾನಾಗಿಯೇ ಫೋನಿನ ಕಡೆಗೆ ಬಗ್ಗಿತು. ಎರಡು ಬೆರಳಿನಲ್ಲಿ ಫೋಟೋವನ್ನು ದೊಡ್ಡದು ಮಾಡಿ ಬಾಗಿಲಿನ ಮೂಲೆ ಹುಡುಕಿದರು.

"ಚಿಲಕ ಕಾಣುವುದಿಲ್ಲವಲ್ಲ. ಒಳಗಿನಿಂದ ಉಂಟಾ ಕೇಳು. ತಲೆದಿಂಬು ಒಂದೇ ಉಂಟು, ಇನ್ನೊಂದು ಕೇಳು. ಇದು ಎಲ್ಲಿ, ಊರ ಮಧ್ಯದಲ್ಲಾ? ಮ್ಯಾಪ್ ತೆಗಿ. ಇಲ್ಲಿಂದ ಬಸ್ ಸ್ಟ್ಯಾಂಡ್ ಎಷ್ಟು ದೂರ?"

"ತುಂಬ ದೂರ ಅಪ್ಪ."

"ಹಾಗಾದ್ರೆ ಇದನ್ನೇ ಮಾಡು. ಬಸ್ ಸ್ಟ್ಯಾಂಡಿನ ಹತ್ತಿರ ಮಾತ್ರ ಬೇಡ ಮಗಾ. ಒಮ್ಮೆ ನಾನು ಅಲ್ಲಿ ತಪ್ಪಿದ್ದೇನೆ. ಪಾಪ, ನಿನ್ನ ಮಾವನನ್ನು ಇಡೀ ಊರು ಸುತ್ತಿಸಿದೆ."

ನಾನು ಬಾಯಿ ತೆರೆದೆ. ಅಕ್ಕ ಒಳಗಿನಿಂದ ಬಂದು, ಪಾಯಸದ ಲೋಟವನ್ನು ನನ್ನ ಕೈಗೆ ಒತ್ತಿದಳು.

"ನೀನು ಸುಮ್ಮನೆ ಕುಡಿ."

ಕುಡಿದೆ.